ಕನ್ನಡವನ್ನು ಕಲಿಸುವುದು, ಕನ್ನಡದಲ್ಲಿ ಕಲಿಸುವುದು

ಹೊರನಾಡಿನ ಕನ್ನಡ ಸಂಘಗಳು ಮಕ್ಕಳಿಗಾಗಿ ನಡೆಸುವ ಭಾನುವಾರದ ತರಗತಿಗಳ ಬಗ್ಗೆ ನನಗೆ ಗೌರವವಿದೆ. ಜೊತೆಗೊಂದು ತಕರಾರೂ ಇದೆ. ಅಲ್ಲಿ ನಾವು ಕನ್ನಡವನ್ನು ಕಲಿಸುತ್ತೇವೆ, ಕನ್ನಡದಲ್ಲಿ ಬೇರೇನನ್ನೂ ಕಲಿಸುವುದಿಲ್ಲ. ವರ್ಣಮಾಲೆ, ಕಾಗುಣಿತ, ರಾಜ್ಯೋತ್ಸವಕ್ಕೊಂದು ಹಾಡು, ಅಲ್ಲಿಗೆ ಮುಗಿಯಿತು. ಲೆಕ್ಕ, ನದಿ, ಗಿಡದ ಬೇರು ಎಲ್ಲವೂ ಶಾಲೆಯ ಭಾಷೆಯ ಪಾಲು. ಹೀಗಾಗಿ ಮಗುವಿನ ಮಟ್ಟಿಗೆ ಕನ್ನಡವೆಂಬುದು ಊಟಕ್ಕೆ ಕರೆಯುವ, ಗದರಿಸುವ ಭಾಷೆಯಾಗಿಯೇ ಉಳಿದುಬಿಡುತ್ತದೆ.

ಪುಣೆಯಲ್ಲಿ ನಾವಿರುವ ವಸತಿ ಸಮುಚ್ಚಯದ ಕಾವಲುಗಾರರು ಯಾದಗಿರಿ ಕಡೆಯವರು. ಅವರ ಮಗ ಮರಾಠಿ ಮಾಧ್ಯಮದಲ್ಲಿ ಮೂರನೆಯ ತರಗತಿ ಓದುತ್ತಿದ್ದಾನೆ. ಕೆಲವು ತಿಂಗಳಿಂದ ಭಾನುವಾರಗಳಂದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನನ್ನ ಬಳಿ ಬರುತ್ತಾನೆ. ನಡುವೆ ಊಟ, ಒಂದಿಷ್ಟು ಕ್ರಿಕೆಟ್. ಎಲ್ಲ ವಿಷಯಗಳೂ ಒಂದೇ ಮೇಜಿನ ಮೇಲೆ, ವಿದ್ಯಾರ್ಥಿ ಒಬ್ಬನೇ.

ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾನೆಂದು ಶಾಲೆಯ ವರದಿ ಹೇಳುತ್ತಿತ್ತು. ಮರಾಠಿಯಲ್ಲಿ ‘ತ್ರೇಸಷ್ಟ’ ಎಂದು ಹೇಳಿ ಬರೆಯಿಸಿದರೆ 36 ಎಂದು ಬರೆಯುತ್ತಿದ್ದ. ಏಕೆಂದು ಕೇಳಿದೆ. “ಮೂರು ಮೊದಲ ಕೇಳಸ್ತದಲ್ರೀ ಸರ” ಎಂದ. ನಿಜವೇ. ‘ತ್ರೇ’ ಎಂದರೆ ಮೂರು, ಆಮೇಲೆ ಅರವತ್ತು. ‘ಅರವತ್ತಮೂರು’ ಎಂದಾಗ ತಡವರಿಸದೆ 63 ಬರೆದ. ಅವನಿಗೆ ಸ್ಥಾನಬೆಲೆ ಗೊತ್ತಿತ್ತು, ಮರಾಠಿ ಸಂಖ್ಯಾನಾಮದ ಕಟ್ಟಡ ಗೊತ್ತಿರಲಿಲ್ಲ. ಇದು ಮರಾಠಿ ಮಕ್ಕಳನ್ನೂ ಕಾಡುವ ತೊಡಕೇ. 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕವು ‘ಸಾಠ್ ತೀನ್’ ಎಂಬ ಬಗೆಯ ಸರಳ ಹೆಸರುಗಳನ್ನು ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವಾಯಿತು. ಗಣಿತಜ್ಞೆ ಮಂಗಲಾ ನಾರಳೀಕರ್ ಅದನ್ನು ಸಮರ್ಥಿಸಿಕೊಂಡಿದ್ದರು. ಅವರು ಮಕ್ಕಳಿಗೆ ಒದಗಿಸಲು ಹೊರಟಿದ್ದ ಸೌಲಭ್ಯ ನಮ್ಮ ಹುಡುಗನ ಮನೆಮಾತಿನಲ್ಲಿ ಮೊದಲಿನಿಂದಲೂ ಇದೆ. ಅದನ್ನು ಬಳಸಲು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಶಾಲೆಯ ಶಿಕ್ಷಕಿಯನ್ನು ನಾನು ದೂರಲಾರೆ. ತುಂಬಿದ ತರಗತಿಯಲ್ಲಿ ತಪ್ಪು ಉತ್ತರ ಕಾಣಿಸುತ್ತದೆ. ಅದರ ಹಿಂದಿನ ತರ್ಕವನ್ನು ಕೇಳಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ. 1984ರಷ್ಟು ಹಿಂದೆಯೇ ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್, ಒಬ್ಬೊಬ್ಬರಾಗಿ ಪಾಠ ಹೇಳಿಸಿಕೊಂಡ ಸಾಮಾನ್ಯ ವಿದ್ಯಾರ್ಥಿಯು ಮಾಮೂಲಿ ತರಗತಿಯ ನೂರರಲ್ಲಿ ತೊಂಬತ್ತೆಂಟು ಮಕ್ಕಳಿಗಿಂತ ಮುಂದಿರುತ್ತಾನೆಂದು ಬರೆದಿದ್ದರು. ಆ ಲೆಕ್ಕ ಉತ್ಪ್ರೇಕ್ಷೆಯೆನ್ನುವವರು ಇದ್ದಾರೆ, ಇರಲಿ. ಆದರೆ ಇಂಥ ಪಾಠ ಸಮಾಜಕ್ಕೆ ತೀರಾ ದುಬಾರಿ ಎಂದು ಅವರು ಚಿಂತಿಸಿದ್ದರಲ್ಲ, ನಿವೃತ್ತರೂ ಭಾನುವಾರದ ಬಿಡುವೂ ಧಾರಾಳವಾಗಿರುವ ನಮ್ಮ ಸಂಘಗಳಿಗೆ ಆ ಚಿಂತೆ ಅಷ್ಟಾಗಿ ತಟ್ಟಬೇಕಿಲ್ಲ.

ಮಧ್ಯಾಹ್ನ ಪರಿಸರ ಅಭ್ಯಾಸ. ಪಾಠ ನದಿಯದು. ಮುಳಾ, ಮುಠಾ ನದಿಗಳು ಪುಣೆಯಲ್ಲಿ ಕೂಡಿ ಮುಂದೆ ಭೀಮೆಯನ್ನು ಸೇರುತ್ತವೆ. ಭೀಮೆ ಪಂಢರಪುರವನ್ನು ದಾಟಿ, ಕಲಬುರಗಿ ಜಿಲ್ಲೆಯನ್ನು ಹಾದು, ಯಾದಗಿರಿಯ ಮಗ್ಗುಲಲ್ಲೇ ಹರಿದು ಕೃಷ್ಣೆಗೆ ಸೇರುತ್ತಾಳೆ. ನಕ್ಷೆಯ ಮೇಲೆ ಬೆರಳಿಟ್ಟು ಊರೂರು ದಾಟುತ್ತ ಹೋದವನು ಯಾದಗಿರಿಯಲ್ಲಿ ನಿಂತುಬಿಟ್ಟ. “ಇದು ನಮ್ಮ ಹೊಳಿ ಅಲ್ರೀ? ಹಂಗಾದ್ರ ಇಲ್ಲಿ ಕಾಗದದ ದೋಣಿ ಬಿಟ್ರ ನಮ್ಮೂರಿಗಿ ಹೋಗ್ತದೇನ್ರೀ?” ಉಜನಿ ಅಣೆಕಟ್ಟು ಅಡ್ಡ ಬರುತ್ತದಲ್ಲ ಎಂದೆ. ಅಲ್ಲಿಂದ ಅಣೆಕಟ್ಟು ಏಕೆ, ಗೇಟು ತೆರೆದರೆ ಊರಲ್ಲಿ ನೆರೆ ಏಕೆ, ಮಳೆ ಇಲ್ಲದಿದ್ದರೂ ಹೊಳೆ ಏರುವುದು ಹೇಗೆ ಎಂದು ಒಂದು ಗಂಟೆ ಕಳೆಯಿತು. ಪುಸ್ತಕದಲ್ಲಿ ಆ ಪಾಠ ಎರಡು ಪುಟ.

ಇಲ್ಲೇ ಬದುಕಬೇಕಾದ ಹುಡುಗನಿಗೆ ಕನ್ನಡದಲ್ಲಿ ಪಾಠ ಹೇಳಿ ಏನು ಪ್ರಯೋಜನ, ಪರೀಕ್ಷೆ ಮರಾಠಿಯಲ್ಲವೇ ಎಂದು ಸ್ನೇಹಿತರು ಕೇಳುತ್ತಾರೆ. ವಿಷಯ ಮನಸ್ಸಿಗೆ ಇಳಿದ ಮೇಲೆ ಮರಾಠಿ ಉತ್ತರ ಬರೆಯಲು ಅವನಿಗೆ ಹತ್ತು ನಿಮಿಷ ಸಾಕಾಯಿತು. ಉಗಮ, ಸಂಗಮ ಎರಡೂ ಭಾಷೆಗಳಲ್ಲಿವೆ. ಹೊಸದಾಗಿ ಬೇಕಾದದ್ದು ಅಣೆಕಟ್ಟಿಗೆ ‘ಧರಣ’ ಎಂಬ ಒಂದೇ ಪದ. ‘ತ್ರೇಸಷ್ಟ’ದ ಒಳಗೆ ಮೂರು ಮತ್ತು ಅರವತ್ತು ಅಡಗಿರುವುದನ್ನೂ ಈಗ ಅವನೇ ಬಿಡಿಸಿ ತೋರಿಸುತ್ತಾನೆ. ಇಂಗ್ಲಿಷ್ ಮಾತ್ರ ಇನ್ನೂ ಕುಂಟುತ್ತಿದೆ. ಅದಕ್ಕೆ ನನ್ನ ಎಂ.ಎ. ಪದವಿಯಿಂದ ವಿಶೇಷ ಉಪಕಾರವೇನೂ ಆಗಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಬೋಧನೆ ಇರಲಿ ಎನ್ನುತ್ತದೆ, ‘ಸಾಧ್ಯವಿದ್ದಲ್ಲಿ’ ಎಂಬ ಷರತ್ತಿನೊಂದಿಗೆ. ಕಡತಗಳ ನಡುವೆ ಬದುಕುವ ನನಗೆ ಆ ಪದದ ತೂಕ ಚೆನ್ನಾಗಿ ಗೊತ್ತು. ವಲಸೆ ಬಂದ ಮಗುವಿಗೆ ಅದು ಶಾಲೆಯಲ್ಲಿ ಸಾಧ್ಯವಾಗುವುದು ಅಪರೂಪ, ಸಾಧ್ಯವಾಗಿಸಬಲ್ಲವರು ನಾವು. ಕರ್ನಾಟಕದ ಪಠ್ಯಪುಸ್ತಕಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಭವನ ಬೇಡ, ಬ್ಯಾನರ್ ಬೇಡ. ಒಬ್ಬ ಹಿರಿಯರಿಗೆ ಒಂದು ಮಗು ಎಂದು ಸಂಘವೊಂದು ಪಟ್ಟಿ ಮಾಡಿದರೆ ಸಾಕು. ಆ ಪಟ್ಟಿ ಸದಸ್ಯರ ಮಕ್ಕಳಿಗಷ್ಟೇ ನಿಲ್ಲದೆ ಕಟ್ಟಡ ಕೆಲಸಕ್ಕೆ, ಕಾವಲಿಗೆ ಬಂದವರ ಮಕ್ಕಳಿಂದಲೇ ಆರಂಭವಾಗಲಿ. ಸಂಘದ ರಸೀದಿ ಪುಸ್ತಕ ಇದುವರೆಗೆ ಅವರ ಬಾಗಿಲಿಗೆ ಹೋದದ್ದಿಲ್ಲ.