‘ಐ7 ಲ್ಯಾಪ್‌ಟಾಪ್ ಬರೀ 15 ಸಾವಿರ!’: ಅಗ್ಗದ ಲ್ಯಾಪ್‌ಟಾಪ್ ಕೊಳ್ಳುವಾಗ ಯಾವ ಸಂಖ್ಯೆ ನೋಡಬೇಕು?

ಶಾಲೆ-ಕಾಲೇಜು ಶುರುವಾಗುವ ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ಸರ್ಕಾರ ಎಲ್ಲ ವಿದ್ಯಾರ್ಥಿಗಳಿಗೂ ಉಚಿತ ಲ್ಯಾಪ್‌ಟಾಪ್ ಕೊಡುತ್ತಿದೆ, ಈ ಲಿಂಕ್ ಒತ್ತಿ ಹೆಸರು ನೋಂದಾಯಿಸಿ ಎನ್ನುವುದು. ಇನ್ನೊಂದು, ಐ7 ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ 15 ಸಾವಿರಕ್ಕೆ, ಸ್ಟಾಕ್ ಮುಗಿಯುವ ಮುಂಚೆ ಬನ್ನಿ ಎನ್ನುವುದು. ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದು ಬಹಳ ಸಲ ನಿಜವೇ ಆಗಿರುತ್ತದೆ. ತೊಂದರೆ ಇರುವುದು ಅಲ್ಲೇ.

ಕಡೂರು ತಾಲ್ಲೂಕಿನ ಹಿರೇನಲ್ಲೂರಿನಂಥ ಹೋಬಳಿ ಊರನ್ನು ನೆನೆಸಿಕೊಳ್ಳಿ. ತೆಂಗು, ಅಡಿಕೆ, ರಾಗಿ, ಈರುಳ್ಳಿಯ ಆದಾಯದಲ್ಲಿ ನಡೆಯುವ ಮನೆಗೆ ಲ್ಯಾಪ್‌ಟಾಪ್ ಎಂದರೆ ಆ ವರ್ಷದ ದೊಡ್ಡ ಖರ್ಚುಗಳಲ್ಲಿ ಒಂದು. ಕೊಳ್ಳಲು ಕಡೂರಿಗೋ ಬೀರೂರಿಗೋ ಚಿಕ್ಕಮಗಳೂರಿಗೋ ಹೋಗಬೇಕು, ಕೆಟ್ಟರೆ ಮತ್ತೆ ಹೊತ್ತುಕೊಂಡು ಹೋಗಬೇಕು. ಬೆಂಗಳೂರಿನವರಂತೆ ‘ಸರಿ ಹೋಗಲಿಲ್ಲ, ಬೇರೆ ತಗೊಳ್ಳೋಣ’ ಎನ್ನುವ ಅನುಕೂಲ ಇಲ್ಲಿಲ್ಲ. ಹಾಗಾಗಿ ಅಂಗಡಿಯವರ ಮಾತು, ಸಂದೇಶದ ಮಾತು ಎರಡನ್ನೂ ಬದಿಗಿಟ್ಟು ಪೆಟ್ಟಿಗೆಯ ಮೇಲಿನ ಸಂಖ್ಯೆಗಳನ್ನು ನಾವೇ ಓದಲು ಕಲಿಯುವುದು ಒಳ್ಳೆಯದು.

ಉಚಿತ ಲ್ಯಾಪ್‌ಟಾಪ್ ಲಿಂಕ್ ನಿಜವೇ?

ಅಲ್ಲ. ‘ಪ್ರಧಾನಮಂತ್ರಿ ಉಚಿತ ಲ್ಯಾಪ್‌ಟಾಪ್ ಯೋಜನೆ’ ಎಂಬ ಹೆಸರಿನ ಸಂದೇಶಗಳು ನಕಲಿ ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹಲವು ಸಲ ಹೇಳಿದೆ. ಆದರೂ ಜನ ನಂಬುತ್ತಾರೆ. ಅದಕ್ಕೊಂದು ಕಾರಣವೂ ಇದೆ. ನಮ್ಮ ರಾಜ್ಯದಲ್ಲಿ ಸರ್ಕಾರ ನಿಜವಾಗಿಯೂ ಇಂಥದ್ದನ್ನು ಕೊಟ್ಟಿದೆ. 2021ರ ಜೂನ್‌ನಲ್ಲಿ, ಕೊರೋನಾ ಕಾಲದ ಆನ್‌ಲೈನ್ ಪಾಠಕ್ಕೆಂದು, ಸರ್ಕಾರಿ ಪದವಿ, ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಲಾಯಿತು. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ಮಂಡಳಿಯ ಮೂಲಕ ಲ್ಯಾಪ್‌ಟಾಪ್ ಕೊಟ್ಟದ್ದೂ ಉಂಟು. ಇಂಥ ಸೌಲಭ್ಯ ಬಂದರೆ ಸುದ್ದಿ ಕಾಲೇಜಿನಿಂದ ಅಥವಾ ಇಲಾಖೆಯಿಂದ ಬರುತ್ತದೆ. ‘ಇದನ್ನು ಹತ್ತು ಜನರಿಗೆ ಕಳುಹಿಸಿದರೆ ಮಾತ್ರ ಅರ್ಜಿ ಪೂರ್ಣ’ ಎಂದು ಯಾವ ಇಲಾಖೆಯೂ ಕೇಳುವುದಿಲ್ಲ. ಲಿಂಕ್ ಒತ್ತಿ, ಒಟಿಪಿ ಕೊಟ್ಟು, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

‘ಐ7 ಅಂದ್ರೆ ಐ7, ಐ3ಗಿಂತ ಯಾವಾಗಲೂ ಮೇಲು’

ಇದು ಅತಿ ಹೆಚ್ಚು ಜನ ನಂಬಿರುವ, ಅತಿ ಹೆಚ್ಚು ದುಡ್ಡು ಕಳೆಯುವ ನಂಬಿಕೆ. ಇಂಟೆಲ್ ಕಂಪನಿಯ ಐ3, ಐ5, ಐ7 ಎನ್ನುವುವು ಒಂದೇ ಕಾಲದ ಚಿಪ್‌ಗಳ ನಡುವಿನ ದರ್ಜೆಗಳು. ಬೇರೆ ಬೇರೆ ವರ್ಷದ ಚಿಪ್‌ಗಳನ್ನು ಹೋಲಿಸಲು ಅವು ಬರುವುದಿಲ್ಲ. ವರ್ಷ ತಿಳಿಯಬೇಕಾದರೆ ಅಡ್ಡಗೆರೆಯ ನಂತರದ ಅಂಕಿಯನ್ನು ನೋಡಬೇಕು. ಐ7-2620ಎಂ ಎಂದಿದ್ದರೆ ಗೆರೆಯ ನಂತರದ 2 ಎಂಬುದು ಎರಡನೇ ತಲೆಮಾರು, ಅಂದರೆ 2011ರ ಚಿಪ್. ಐ5-8250ಯು ಎಂದರೆ ಎಂಟನೇ ತಲೆಮಾರು, 2017ರದ್ದು. ಐ3-1215ಯು ಎಂದರೆ ಹನ್ನೆರಡನೇ ತಲೆಮಾರು, 2022ರದ್ದು. ಇಲ್ಲಿ ತಲೆಮಾರಿಗೆ ಎರಡು ಅಂಕಿ ಹೋಗುತ್ತದೆ, ನೆನಪಿರಲಿ.

ಆ 2011ರ ಐ7ನಲ್ಲಿರುವುದು ಎರಡು ಕೋರ್. 2022ರ ಆ ಐ3ನಲ್ಲಿ ಆರು. ಹೆಸರಿನಲ್ಲಿ ದೊಡ್ಡದು, ಕೆಲಸದಲ್ಲಿ ತುಂಬ ಹಿಂದೆ. ಕಂಪನಿಗಳು, ಬ್ಯಾಂಕುಗಳು ಬಳಸಿ ಬಿಟ್ಟ ಹಳೆಯ ಯಂತ್ರಗಳು ಸಗಟಾಗಿ ಬಂದು, ತೊಳೆದು ಒರೆಸಿ, ಹೊಸ ಸ್ಟಿಕರ್ ಹೊತ್ತು ಮಾರಾಟಕ್ಕೆ ನಿಲ್ಲುತ್ತವೆ. 15 ಸಾವಿರದ ಐ7 ಬಹುಮಟ್ಟಿಗೆ ಇಂಥದ್ದು. ಮಾರುವವರು ಸುಳ್ಳು ಹೇಳಿಲ್ಲ, ಅರ್ಧ ಹೆಸರನ್ನು ಮಾತ್ರ ಹೇಳಿದ್ದಾರೆ.

ಎಎಂಡಿ ಕಂಪನಿಯ ರೈಝನ್ ಹೆಸರಿನಲ್ಲೂ ಇಂಥದ್ದೇ ಗೊಂದಲವಿದೆ. ರೈಝನ್ 3 7320ಯು ಎಂದು ಕಂಡರೆ 7000 ಸರಣಿ, ಹೊಚ್ಚ ಹೊಸದು ಅನ್ನಿಸುತ್ತದೆ. ಆದರೆ ಆ ಸರಣಿಯಲ್ಲಿ ಒಳಗಿನ ವಿನ್ಯಾಸ ಯಾವುದು ಎಂದು ಹೇಳುವುದು ಮೂರನೆಯ ಅಂಕಿ. ಇಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ. ಶಾಲೆಯ ಕೆಲಸಕ್ಕೆ ಅದು ಸಾಲುತ್ತದೆ, ಕೆಟ್ಟದ್ದೇನಲ್ಲ. ಅದಕ್ಕೆ ಹೊಸ ಚಿಪ್‌ನ ಬೆಲೆ ಕೊಡಬೇಡಿ, ಅಷ್ಟೆ. ಇನ್ನು ಸೆಲೆರಾನ್, ಪೆಂಟಿಯಂ ಹೆಸರುಗಳನ್ನು ಇಂಟೆಲ್ 2023ರಿಂದ ಲ್ಯಾಪ್‌ಟಾಪ್‌ಗಳಲ್ಲಿ ಕೈಬಿಟ್ಟಿದೆ. ಹೊಸ ಪೆಟ್ಟಿಗೆಯ ಮೇಲೆ ಆ ಹೆಸರು ಕಂಡರೆ ಒಳಗಿರುವುದು ಅದಕ್ಕೂ ಹಳೆಯ ಕಾಲದ ಚಿಪ್.

‘ಮೆಮೊರಿ 1 ಟಿಬಿ ಇದೆ ಸರ್’

ಅಂಗಡಿಯಲ್ಲಿ ‘ಮೆಮೊರಿ’ ಎಂಬ ಒಂದೇ ಮಾತಿಗೆ ಎರಡು ಅರ್ಥ. ಅದನ್ನು ಬಿಡಿಸಿಕೊಳ್ಳಲು ನಮ್ಮ ಕಡೆಯ ಕೊಬ್ಬರಿ ಕೆಲಸವೇ ಸಾಕು. ಕಾಯಿ ಇಡುವ ಅಟ್ಟ ಎಂದರೆ ಸ್ಟೋರೇಜ್. ಅಟ್ಟದಿಂದ ಇಳಿಸಿ ಸುಲಿಯಲು ಹರಡಿಕೊಳ್ಳುವ ಅಂಗಳ ಎಂದರೆ ರ‍್ಯಾಮ್. ಸುಲಿಯುವ ಆಳು ಪ್ರೊಸೆಸರ್. ಅಂಗಳ ಚಿಕ್ಕದಾದರೆ ಆಳು ಎಷ್ಟು ಚುರುಕಾಗಿದ್ದರೂ ಏನು ಪ್ರಯೋಜನ? ಜಾಗ ತುಂಬಿದಾಗೆಲ್ಲ ಅರ್ಧ ಕಾಯಿಯನ್ನು ಮತ್ತೆ ಅಟ್ಟಕ್ಕೆ ಏರಿಸಿ, ಬೇಕಾದದ್ದನ್ನು ಇಳಿಸಬೇಕು. 4 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್ 11 ಮಾಡುವುದು ಇದನ್ನೇ. ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅಳತೆ 4 ಜಿಬಿ, ನಿಜ. ಆದರೆ ಅದು ಯಂತ್ರ ಆನ್ ಆಗಲು ಬೇಕಾದ ಕನಿಷ್ಠ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್, ಜತೆಗೆ ಒಂದು ವಿಡಿಯೊ ಪಾಠ ತೆರೆದರೆ ತೆವಳುತ್ತದೆ. 8 ಜಿಬಿಗಿಂತ ಕಡಿಮೆಯದನ್ನು ವಿಂಡೋಸ್‌ಗೆಂದು ಕೊಳ್ಳಲೇಬೇಡಿ ಎನ್ನುವುದು ನನ್ನ ಮಾತು.

ಅಟ್ಟದ ಗಾತ್ರಕ್ಕಿಂತ ಏಣಿ ಮುಖ್ಯ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಸೂಜಿಯಂಥ ಕೈ ಇರುತ್ತದೆ. ಚಿಕ್ಕ ಚಿಕ್ಕ ಫೈಲ್ ಹುಡುಕಲು ಆ ಕೈ ಪ್ರತಿಸಲವೂ ಸರಿದಾಡಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಆರು ವರ್ಷ ಹಳೆಯ ಲ್ಯಾಪ್‌ಟಾಪ್‌ಗೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಮನೆಯವರು ಹೊಸದು ತಂದಿರಾ ಎಂದು ಕೇಳುವಷ್ಟು ವ್ಯತ್ಯಾಸ ಕಾಣುತ್ತದೆ. 1 ಟಿಬಿ ಹಾರ್ಡ್ ಡಿಸ್ಕ್‌ಗಿಂತ 256 ಜಿಬಿ ಎಸ್‌ಎಸ್‌ಡಿ ವಿದ್ಯಾರ್ಥಿಗೆ ಎಷ್ಟೋ ಮೇಲು. ತೀರಾ ಅಗ್ಗದವುಗಳಲ್ಲಿ 64 ಜಿಬಿ ‘ಇಎಂಎಂಸಿ’ ಇರುತ್ತದೆ. ಅದು ಫೋನಿನ ಜಾತಿಯ ಸ್ಟೋರೇಜ್, ಸಾಮಾನ್ಯವಾಗಿ ಬದಲಾಯಿಸಲು ಬಾರದಂತೆ ಬೆಸೆದಿರುತ್ತಾರೆ. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ಅದನ್ನು ತುಂಬಿಬಿಡುತ್ತವೆ.

‘ಈಗ 4 ಜಿಬಿ ತಗೊಳ್ಳಿ, ಆಮೇಲೆ ರ‍್ಯಾಮ್ ಹಾಕಿಸಬಹುದು’ ಎನ್ನುವ ಮಾತನ್ನೂ ನಂಬುವ ಮುನ್ನ ಪರೀಕ್ಷಿಸಿ. ಈಗಿನ ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಮೇಲೆ ಹೇಳಿದ 7320ಯು ಚಿಪ್‌ನ ಯಂತ್ರಗಳೂ ಹಾಗೆಯೇ. ಸಾಲದ್ದಕ್ಕೆ, ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆಯೇ ಏರಿದೆ. ಅಂಗಡಿಯಲ್ಲಿ ಯಂತ್ರ ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್ ತೆರೆಸಿ, ಪರ್ಫಾರ್ಮೆನ್ಸ್ ಪುಟ ನೋಡಿ. ಪ್ರೊಸೆಸರ್‌ನ ಪೂರ್ತಿ ಹೆಸರು, ರ‍್ಯಾಮ್ ಎಷ್ಟು, ಡಿಸ್ಕ್ ಎಸ್‌ಎಸ್‌ಡಿಯೋ ಅಲ್ಲವೋ, ಎಲ್ಲ ಅಲ್ಲೇ ಇರುತ್ತದೆ. ಎರಡು ನಿಮಿಷದ ಕೆಲಸ. ತೋರಿಸಲು ಒಪ್ಪದ ಅಂಗಡಿಯಿಂದ ಹೊರಗೆ ಬನ್ನಿ.

ಹಾಗಾದರೆ ಸೆಕೆಂಡ್ ಹ್ಯಾಂಡ್ ಬೇಡವೇ?

ಬೇಕು, ನೋಡಿ ತೆಗೆದುಕೊಂಡರೆ. ಹೊಸ 4 ಜಿಬಿ ಸೆಲೆರಾನ್‌ಗಿಂತ, ಎಂಟನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಕಚೇರಿ ಮಾದರಿಯ ಹಳೆಯ ಲ್ಯಾಪ್‌ಟಾಪ್ ಎಷ್ಟೋ ಒಳ್ಳೆಯದು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಪ್ರೋಬುಕ್ ಮುಂತಾದವು ಗಟ್ಟಿಮುಟ್ಟು, ಕೀಲಿಮಣೆಯೂ ಚೆನ್ನ. ಎಂಟನೇ ತಲೆಮಾರು ಎಂದು ಗೆರೆ ಎಳೆಯಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಕೆಲವೇ ಅಪವಾದ ಬಿಟ್ಟು ಎಂಟನೇ ತಲೆಮಾರು ಅಥವಾ ಮುಂದಿನದು ಬೇಕು. ಅದಕ್ಕಿಂತ ಹಳೆಯದರಲ್ಲಿ ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಮುಂದಿನ ಅಪ್‌ಡೇಟ್ ಬರುತ್ತದೆಂಬ ಭರವಸೆ ಅದಕ್ಕಿಲ್ಲ. ಕಂಪನಿಗಳಿಂದ ವಿಂಡೋಸ್ 10 ಯಂತ್ರಗಳು ಈಗ ರಾಶಿಯಾಗಿ ಹೊರಬರುತ್ತಿರುವುದೂ ಇದೇ ಕಾರಣಕ್ಕೆ.

ಮನೆಯಲ್ಲೇ ಅಂಥ ಹಳೆಯ ಯಂತ್ರ ಇದ್ದರೆ ಗುಜರಿಗೆ ಹಾಕಬೇಡಿ. ಲಿನಕ್ಸ್ ಮಿಂಟ್ ಉಚಿತ, ಲಿಬ್ರೆಆಫೀಸ್ ಉಚಿತ, ಪೈಥಾನ್ ಕಲಿಯಲು ಅಷ್ಟೇ ಸಾಕು.

ಹಳೆಯದರಲ್ಲಿ ನಿಜವಾದ ಸವಾಲು ಬ್ಯಾಟರಿ. ಕರೆಂಟ್ ಹೋಗಿ ಬರುವ ಊರಿನಲ್ಲಿ ಲ್ಯಾಪ್‌ಟಾಪ್‌ನ ಬ್ಯಾಟರಿಯೇ ಯುಪಿಎಸ್. ಡೆಸ್ಕ್‌ಟಾಪ್ ಅಗ್ಗವೆಂದು ಹೊರಟರೆ ಯುಪಿಎಸ್ ಖರ್ಚನ್ನೂ ಸೇರಿಸಬೇಕು. ವಿಂಡೋಸ್‌ನಲ್ಲಿ ‘ಬ್ಯಾಟರಿ ರಿಪೋರ್ಟ್’ ತೆಗೆದು ತೋರಿಸಿ ಎಂದು ಅಂಗಡಿಯವರನ್ನೇ ಕೇಳಿ. ಹೊಸದಿದ್ದಾಗಿನ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ ಎರಡೂ ಅದರಲ್ಲಿರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಚಾರ್ಜರ್ ಮೇಲೆ ಬಿಐಎಸ್ ಗುರುತು ಮತ್ತು ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅಗ್ಗದ ನಕಲಿ ಚಾರ್ಜರ್ ಬೆಂಕಿಗೆ ದಾರಿ.

ಕನ್ನಡಕ್ಕೆ ಬೇರೆ ಲ್ಯಾಪ್‌ಟಾಪ್ ಬೇಕೇ?

ಬೇಡ. ಕೀಲಿಗಳ ಮೇಲೆ ಕನ್ನಡ ಅಕ್ಷರ ಮುದ್ರಿಸಿರಬೇಕೆಂದೂ ಇಲ್ಲ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಒಳಗೇ ಇದೆ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತ. ಲಿನಕ್ಸ್‌ನಲ್ಲೂ ಕಗಪ ವಿನ್ಯಾಸ ಸಿಗುತ್ತದೆ. ಮಕ್ಕಳಿಗೆ ಯೂನಿಕೋಡ್‌ನಲ್ಲೇ ಟೈಪ್ ಮಾಡಲು ಕಲಿಸಿ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬರೆದದ್ದು ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ತಪ್ಪು ಲ್ಯಾಪ್‌ಟಾಪ್‌ನದಲ್ಲ.

ಹೈಸ್ಕೂಲಿನ ಮಕ್ಕಳಿಗೆ ಕೊಂಚ ಕಾಯಬಹುದು ಎಂದೂ ಅನ್ನಿಸುತ್ತದೆ. ಪಠ್ಯಪುಸ್ತಕದ ಪಿಡಿಎಫ್, ದೀಕ್ಷಾ ಆ್ಯಪ್‌ನ ಪಾಠ ಎಲ್ಲವೂ ಫೋನಿನಲ್ಲಿ ನಡೆಯುತ್ತವೆ. ಉದ್ದದ ಬರವಣಿಗೆ, ಎಕ್ಸೆಲ್, ಪ್ರೋಗ್ರಾಮಿಂಗ್ ಶುರುವಾದಾಗ ಲ್ಯಾಪ್‌ಟಾಪ್ ಬೇಕಾಗುತ್ತದೆ.

ಹೊಸದನ್ನೇ ಕೊಳ್ಳುವುದಾದರೆ ವಾರಂಟಿ ಎಷ್ಟು ವರ್ಷ ಎಂದು ಕೇಳುವುದರ ಜತೆಗೆ, ರಿಪೇರಿಯವರು ನಮ್ಮ ಪಿನ್‌ಕೋಡ್‌ಗೆ ಬರುತ್ತಾರೋ ನಾವೇ ಸರ್ವೀಸ್ ಸೆಂಟರ್‌ಗೆ ಒಯ್ಯಬೇಕೋ ಎಂದು ಕೇಳಿ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ.

ಮನೆಗೆ ತಂದ ದಿನವೇ ಇನ್ನೊಂದು ಕೆಲಸವಿದೆ. ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿದ ಕೂಡಲೇ ವಿಂಡೋಸ್ ತನ್ನ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳತೊಡಗುತ್ತದೆ, ದಿನದ 2 ಜಿಬಿ ಡೇಟಾ ಪಾಠ ಶುರುವಾಗುವ ಮುಂಚೆಯೇ ಖಾಲಿ. ವೈಫೈ ಸೆಟ್ಟಿಂಗ್‌ನಲ್ಲಿ ಆ ಹಾಟ್‌ಸ್ಪಾಟ್‌ನ ಹೆಸರಿನ ಮೇಲೆ ಒತ್ತಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ತಿಂಗಳಿಗೊಮ್ಮೆ, ಬ್ರಾಡ್‌ಬ್ಯಾಂಡ್ ಇರುವ ನೆಂಟರ ಮನೆಗೆ ಹೋದಾಗ ಲ್ಯಾಪ್‌ಟಾಪ್ ಒಯ್ದು ಅಪ್‌ಡೇಟ್ ಮುಗಿಸಿಕೊಂಡು ಬನ್ನಿ.