ಸಂಗ್ರಹಕಾರನೋ, ಬರೀ ಗಿರಾಕಿಯೋ?

ನಾಣ್ಯ ಕೂಡಿಡುವವರ ಜೊತೆ ಹತ್ತು ನಿಮಿಷ ಮಾತಾಡಿ ನೋಡಿ. "ಅವ್ರು ಸೀರಿಯಸ್ ಕಲೆಕ್ಟರ್ ಕಣ್ರೀ" ಅನ್ನೋ ಮಾತು ಒಂದು ಸಲವಾದ್ರೂ ಬಂದೇ ಬರುತ್ತೆ. ಬಂದ ತಕ್ಷಣ, ಹಂಗಂದ್ರೆ ಏನು ಅಂತ ಕೇಳಿ. ಅವರ ಹತ್ರ 1939ರ ಬೆಳ್ಳಿ ರೂಪಾಯಿ ಇದೆ, ಹರಾಜಿನಲ್ಲಿ ಇಷ್ಟು ಲಕ್ಷ ಕೊಟ್ಟು ತಗೊಂಡ್ರು, ಮನೇಲಿ ಗಾಡ್ರೆಜ್ ಬೀರು ತುಂಬಾ ಆಲ್ಬಮ್ ಇದೆ... ಉತ್ತರ ಇಷ್ಟರಲ್ಲೇ ಗಿರಕಿ ಹೊಡೆಯುತ್ತೆ. ನನಗಂತೂ ಇದನ್ನ ಕೇಳಿದಾಗಲೆಲ್ಲ ಮೈ ಉರಿಯುತ್ತೆ. ದುಡ್ಡಿದ್ದವನು ಸಾಮಾನು ಕೊಂಡರೆ ಅವನಿಗೆ ಕನ್ನಡದಲ್ಲಿ ಒಳ್ಳೇ ಪದವೇ ಇದೆ: ಗಿರಾಕಿ. ಅದೇನು ಬೈಗುಳ ಅಲ್ಲ. ಆದ್ರೆ ಗಿರಾಕಿಗೆ ಸಂಗ್ರಹಕಾರ ಅಂತ ಪಟ್ಟ ಕಟ್ಟೋದು ಯಾಕೆ?

ನನ್ನ ಮಟ್ಟಿಗೆ ಗಂಭೀರ ಸಂಗ್ರಹಕಾರನನ್ನು ಗುರುತಿಸೋಕೆ ಒಂದೇ ಪರೀಕ್ಷೆ ಸಾಕು. ಅವನ ಆಲ್ಬಮ್ಮಿನಲ್ಲಿ ಯಾವುದಾದರೂ ಒಂದು ನಾಣ್ಯದ ಮೇಲೆ ಬೆರಳಿಟ್ಟು "ಇದು ಎಲ್ಲಿಂದ ಬಂತು?" ಅಂತ ಕೇಳಬೇಕು. ಯಾವ ಊರು, ಯಾರ ಕೈಯಿಂದ, ಯಾವಾಗ. ಜೊತೆಗೆ ಏನೇನು ಸಿಕ್ಕಿತ್ತು. ಅದನ್ನ ಎಲ್ಲಾದರೂ ಬರೆದಿಟ್ಟಿದ್ದಾನಾ? ಬರೆದಿಟ್ಟಿದ್ದರೆ, ಅವನ ಹತ್ರ ಇರೋದು ಬರೀ ಐವತ್ತು ತಾಮ್ರದ ಬಿಲ್ಲೆಯಾದರೂ ಅವನು ಸಂಗ್ರಹಕಾರ. ಇಲ್ಲದಿದ್ದರೆ ಐದು ಸಾವಿರ ಇದ್ದರೂ ಅದು ಗುಡ್ಡೆ, ಅಷ್ಟೇ.

ಇದು ಬರೀ ಶಿಸ್ತಿನ ವಿಷಯ ಅಂದ್ಕೋಬೇಡಿ. ನಮ್ಮ ಬೆಂಗಳೂರಿನ ಯಶವಂತಪುರವನ್ನೇ ತಗೊಳ್ಳಿ. ಅಲ್ಲಿನ ನೆಲದಲ್ಲಿ ರೋಮ್ ಸಾಮ್ರಾಜ್ಯದ ಬೆಳ್ಳಿ ನಾಣ್ಯಗಳ ಗಂಟೊಂದು ಸಿಕ್ಕಿತ್ತು. ಅಗಸ್ಟಸ್, ಟೈಬೀರಿಯಸ್ ಕಾಲದವು, ಅಂದರೆ ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಹಳೆಯವು. ಈಗ ಯೋಚನೆ ಮಾಡಿ. ಟೈಬೀರಿಯಸ್‌ನ ದಿನೇರಿಯಸ್ ಅಂಥಾ ಅಪರೂಪದ ನಾಣ್ಯವೇನಲ್ಲ, ಯೂರೋಪಿನ ನಾಣ್ಯದಂಗಡಿಗಳಲ್ಲಿ ಇವತ್ತಿಗೂ ಸಿಗುತ್ತೆ. ಅಲ್ಲಿ ಕೊಂಡ ನಾಣ್ಯಕ್ಕೂ ಯಶವಂತಪುರದ ನಾಣ್ಯಕ್ಕೂ ಬೆಳ್ಳಿಯಲ್ಲಿ, ಮುಖದಲ್ಲಿ, ಅಕ್ಷರದಲ್ಲಿ ಏನೂ ವ್ಯತ್ಯಾಸ ಇಲ್ಲ. ಆದರೂ ಒಂದು ಬರೀ ಹಳೇ ದುಡ್ಡು. ಇನ್ನೊಂದು, ನಾವು ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿ ಒದ್ದಾಡೋ ಈ ನೆಲಕ್ಕೂ ಸಮುದ್ರದಾಚೆಯ ರೋಮಿಗೂ ಕೊಡು-ಕೊಳ್ಳೋ ಸಂಬಂಧ ಇತ್ತು ಅನ್ನೋದಕ್ಕೆ ಸಾಕ್ಷಿ. ಆ ಸಾಕ್ಷಿ ಇರೋದು ನಾಣ್ಯದ ಒಳಗಲ್ಲ. "ಯಶವಂತಪುರ" ಅನ್ನೋ ಒಂದು ಪದದಲ್ಲಿ. ಆ ಪದ ಕಳೆದುಹೋದರೆ ಉಳಿಯೋದು ಮೂರುಮುಕ್ಕಾಲು ಗ್ರಾಂ ಬೆಳ್ಳಿ.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ ಇದು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಶಾತವಾಹನರ ಕಾಲದ ನಾಣ್ಯಗಳೂ ರೋಮನ್ ನಾಣ್ಯವೂ ಸಿಕ್ಕವು. ಅದಕ್ಕೂ ಮುಂಚೆ ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಅಲ್ಲೇ ಅಗೆಸಿದ್ದರು. ಯಾವ ಪದರದಲ್ಲಿ ಯಾವ ನಾಣ್ಯ, ಅದರ ಪಕ್ಕದಲ್ಲಿ ಎಂಥಾ ಮಡಕೆ ಚೂರು ಅಂತ ಬರೆದಿಟ್ಟಿದ್ದರಿಂದ, ಕಾಲ ಗೊತ್ತಿರೋ ರೋಮನ್ ನಾಣ್ಯ ಕಾಲ ಗೊತ್ತಿಲ್ಲದ ಮಡಕೆಗಳಿಗೆ ಆಧಾರ ಆಯ್ತು. ಒಂದು ನಾಣ್ಯದಿಂದ ಒಂದು ಇಡೀ ಊರಿನ ಲೆಕ್ಕ! ಅದೇ ನಾಣ್ಯ ಯಾರದೋ ಜೇಬಿನಲ್ಲಿ ಕೂತು ಬೆಂಗಳೂರಿನ ಮೇಳದ ಟೇಬಲ್ಲಿಗೆ ಬಂದಿದ್ದರೆ?

ನಾವು ಸಾಫ್ಟ್‌ವೇರಿನವರಿಗೆ ಇದು ಬೇಗ ಅರ್ಥ ಆಗ್ಬೇಕು. ಯಾರಾದರೂ ಒಂದು ಸ್ಕ್ರೀನ್‌ಶಾಟ್ ಕಳಿಸಿ "ವರ್ಕ್ ಆಗ್ತಿಲ್ಲ" ಅಂತ ಒಂದು ಸಾಲು ಬರೆದರೆ ಅವರ ಮೇಲೆ ಎಷ್ಟು ಸಿಟ್ಟು ಬರುತ್ತೆ? ಯಾವ ವರ್ಷನ್, ಯಾವ ಮಷೀನ್, ಏನು ಒತ್ತಿದಾಗ ಅಂತ ಇಲ್ಲದ ಬಗ್ ರಿಪೋರ್ಟ್ ಕಸದ ಬುಟ್ಟಿಗೆ. ಊರು ಗೊತ್ತಿಲ್ಲದ ನಾಣ್ಯಾನೂ ಅಂಥದ್ದೇ. ಸ್ಕ್ರೀನ್‌ಶಾಟ್ ಮಾತ್ರ ಬಹಳ ಚೆನ್ನಾಗಿರುತ್ತೆ :)

ನನಗೆ ಈ ಹುಚ್ಚು ಹಿಡಿಸಿದ್ದು ಶಿವಮೊಗ್ಗದಲ್ಲಿ, ನಮ್ಮ ಸೋದರಮಾವನ ಗೆಳೆಯರೊಬ್ಬರು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ರಿಟೈರ್ ಆದವರು. ಅವರ ಹತ್ರ ಚಿನ್ನ ಇರಲಿಲ್ಲ, ಬೆಳ್ಳಿ ಸ್ವಲ್ಪ. ಉಳಿದದ್ದೆಲ್ಲ ತಾಮ್ರ, ಅದರಲ್ಲೂ ಟಿಪ್ಪುವಿನ ಆನೆ ಕಾಸು. ಒಂದು ಕಡೆ ಆನೆ, ಇನ್ನೊಂದು ಕಡೆ ಪಾರ್ಸಿಯಲ್ಲಿ ಟಂಕಸಾಲೆಯ ಹೆಸರು. ಪಟನ್ ಅಂದರೆ ಶ್ರೀರಂಗಪಟ್ಟಣ. ನಗರ್ ಅಂದರೆ ಕೆಳದಿ ಅರಸರ ಬಿದನೂರು, 1763ರಲ್ಲಿ ಹೈದರ್ ಗೆದ್ದುಕೊಂಡ ಊರು, ಈಗಿನ ಹೊಸನಗರ ತಾಲೂಕಿನ ನಗರ. ಫರುಖ್‌ಯಾಬ್ ಹಿಸಾರ್ ಅಂದರೆ ಚಿತ್ರದುರ್ಗ. ಈ ಪಾರ್ಸಿ ಅಕ್ಷರ ಓದೋದನ್ನ ಅವರು ಐವತ್ತು ದಾಟಿದ ಮೇಲೆ ಕಲಿತದ್ದು. ಕೆಲವು ನಾಣ್ಯಗಳಲ್ಲಿ ಟಿಪ್ಪು ತನ್ನದೇ ಹೊಸ ಶಕೆಯ ಇಸವಿ ಹಾಕಿಸಿದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಗೊತ್ತಿಲ್ಲದವರು ಓದಿದರೆ ಇಸವಿ ತಲೆಕೆಳಗು. ಅದನ್ನ ನನಗೆ ಹೇಳಿಕೊಟ್ಟವರೂ ಅವರೇ.

ಅವರ ಆಸ್ತಿ ಅಂದರೆ ಒಂದು ಉದ್ದನೆ ಲೆಡ್ಜರ್ ಪುಸ್ತಕ. ಬ್ಯಾಂಕಿನವರಲ್ವಾ, ಕೆಂಪು ಇಂಕಿನಲ್ಲಿ ಕಂಬ ಎಳೆದಿದ್ದರು. ನಂಬರು, ತಾರೀಖು, ಯಾರು ಕೊಟ್ಟರು, ಅವರಿಗೆ ಎಲ್ಲಿ ಸಿಕ್ಕಿತು, ತೂಕ ಎಷ್ಟು. ತೀರ್ಥಹಳ್ಳಿ ಹತ್ರ ಅಡಿಕೆ ತೋಟಕ್ಕೆ ಕಪ್ಪು ತೋಡುವಾಗ ಸಿಕ್ಕಿದ್ದು ನಾಲ್ಕು. ಸಾಗರದಲ್ಲಿ ಪಾತ್ರೆ ಅಂಗಡಿಯವರು ಕರಗಿಸೋ ರಾಶಿಯಿಂದ ಎತ್ತಿಕೊಟ್ಟಿದ್ದು ಎರಡು. ಹೀಗೆ ಮೂವತ್ತು ವರ್ಷ.

ಅದರ ಬೆಲೆ ಏನು ಗೊತ್ತಾ? ಚಿನ್ನದ ವರಹ ದೇಶ ಸುತ್ತುತ್ತೆ, ಆದರೆ ತಾಮ್ರದ ಕಾಸು ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ಬಹಳ ದೂರ ಹೋಗಲ್ಲ. ಸಂತೆಯ ಚಿಲ್ಲರೆ ಅದು. ಹಾಗಿರುವಾಗ ಶ್ರೀರಂಗಪಟ್ಟಣದ ಕಾಸು ಸಾಗರದಲ್ಲಿ ಎಷ್ಟು, ಚಿತ್ರದುರ್ಗದ್ದು ತೀರ್ಥಹಳ್ಳಿಯಲ್ಲಿ ಎಷ್ಟು ಅಂತ ಲೆಕ್ಕ ಸಿಕ್ಕರೆ, ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಯಾವ ದಾರಿಯಲ್ಲಿ ಜನ ಓಡಾಡ್ತಿದ್ದರು ಅನ್ನೋದರ ಒಂದು ನಕ್ಷೆ ಸಿಕ್ಕಂಗೆ. ಯಾವ ದಫ್ತರದಲ್ಲೂ ಸಿಗದಂಥದ್ದು.

ಅವರು ತೀರಿಕೊಂಡ ಮೇಲೆ ಮಕ್ಕಳು ನಾಣ್ಯಗಳನ್ನು ಒಬ್ಬ ವ್ಯಾಪಾರಿಗೆ ಒಟ್ಟಿಗೆ ಕೊಟ್ಟರು. ಆ ಮಕ್ಕಳನ್ನ ನಾನು ಬೈಯಲ್ಲ, ಅವರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ, ದುಡ್ಡೂ ಬೇಕಿತ್ತು. ನಮ್ಮ ಮಾವ ಹೋಗಿ "ಆ ಲೆಡ್ಜರ್ ಎಲ್ಲಪ್ಪಾ?" ಅಂತ ಕೇಳಿದರಂತೆ. "ಅಯ್ಯೋ, ಅದನ್ನ ಹಳೇ ಪೇಪರ್ ಜೊತೆ ಹಾಕಿಬಿಟ್ವಲ್ಲ ಮಾಮ!" ಅಂದ ದೊಡ್ಡವನು. ನನ್ನ ಸಿಟ್ಟು ಇರೋದು ಆ ವ್ಯಾಪಾರಿ ಮೇಲೆ. ಅವನು ಪುಸ್ತಕ ನೋಡಿದ್ದ. ತಿರುವಿಯೂ ಹಾಕಿದ್ದ. ಬೇಡ ಅಂತ ಬಿಟ್ಟು ಹೋಗಿದ್ದ. ಆನೆ ಕಾಸುಗಳೆಲ್ಲ ಅವನ ಟ್ರೇನಲ್ಲಿ ಬೇರೆ ಎಲ್ಲಿಂದಲೋ ಬಂದ ಕಾಸುಗಳ ಜೊತೆ ಬೆರೆತು ಹೋದವು. ಒಂದಕ್ಕೆ ಇಷ್ಟು, ಹತ್ತು ತಗೊಂಡರೆ ಸ್ವಲ್ಪ ಕಡಿಮೆ.

ಅವನಿಗೆ ಪುಸ್ತಕ ಯಾಕೆ ಬೇಡ? ಅವನ ಗಿರಾಕಿಗಳು, ಅಂದರೆ ನಮ್ಮ "ಸೀರಿಯಸ್" ಜನ, ಅದನ್ನ ಕೇಳೋದೇ ಇಲ್ಲ! ಮೇಳದಲ್ಲಿ ನಿಂತು ಗಮನಿಸಿ. ಲೆನ್ಸ್ ಹಿಡಿದು ಆನೆಯ ಕಾಲು ಸವೆದಿದೆಯಾ ಅಂತ ನೋಡ್ತಾರೆ. ತೂಕ ನೋಡ್ತಾರೆ. ಚೌಕಾಸಿ ಮಾಡ್ತಾರೆ. ಅಪ್ಪಿತಪ್ಪಿ ಯಾರಾದರೂ ಊರು ಕೇಳಿದರೆ ವ್ಯಾಪಾರಿ ಹತ್ರ ಒಂದು ಸಿದ್ಧ ಉತ್ತರ ಇದೆ: "ಹಳೇ ಕಲೆಕ್ಷನ್ ಸಾರ್." ಈ ಎರಡು ಪದಗಳ ಹಿಂದೆ ಎಷ್ಟು ಒಡೆದ ಮಡಕೆಗಳಿವೆಯೋ ದೇವರಿಗೇ ಗೊತ್ತು. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನೋ ಕಾನೂನು ದೇಶದಲ್ಲಿ 1878ರಿಂದ ಇದೆ. ಹಾಗಾಗಿ ಕೆಲವರಿಗೆ ಊರಿನ ಹೆಸರು ಹೇಳದೇ ಇರೋದೇ ಕ್ಷೇಮ. ಇದು ಗೊತ್ತಿದ್ದೂ ಎರಡನೇ ಪ್ರಶ್ನೆ ಕೇಳದೆ ಜೇಬಿಗೆ ಕೈ ಹಾಕೋನು ಗಂಭೀರನಾ?

ಇನ್ನು ಅಂಕಗಳ ಹುಚ್ಚು. ವಿದೇಶದ ಕಂಪನಿಗಳಿಗೆ ನಾಣ್ಯ ಕಳಿಸಿ, 70ಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸಿಕೊಂಡು ಬರ್ತಾರೆ. 64 ಬಂದವನ ಮುಖ ನೋಡಬೇಕು, ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕಟ್ ಆಫ್‌ಗೆ ಅರ್ಧ ಪರ್ಸೆಂಟ್ ಕಮ್ಮಿ ಆದವನ ಥರ. ನಕಲಿ ಅಲ್ಲ ಅಂತ ಖಾತ್ರಿ ಸಿಗುತ್ತೆ, ಅದು ಒಳ್ಳೇದೇ, ಒಪ್ತೀನಿ. 1939ರ ರೂಪಾಯಿಗೆ ಎಂತೆಂಥಾ ನಕಲಿಗಳಿವೆ ಅಂತ ಗೊತ್ತಿರೋರು ಇದನ್ನ ತಮಾಷೆ ಮಾಡಲ್ಲ. ಆದರೆ ಆ ಡಬ್ಬಿಯ ಚೀಟಿಯಲ್ಲಿ ಎಲ್ಲಾ ಇರುತ್ತೆ, ಸಿಕ್ಕಿದ ಊರು ಇರಲ್ಲ.

ಇದರ ಇನ್ನೊಂದು ತುದಿಯಲ್ಲಿ ಹುಣಸೆಹಣ್ಣಿನವರು. ಅಜ್ಜಿ ಕಾಲದ ತಾಮ್ರದ ಕಾಸು ಸಿಕ್ಕಿತು ಅಂತ ದೇವರ ದೀಪ ತಿಕ್ಕೋ ಥರ ಹುಣಸೆಹುಳಿ, ಪೀತಾಂಬರಿ ಹಾಕಿ ಉಜ್ಜಿ ಫಳಫಳ ಮಾಡಿ ಫೋಟೋ ಹಾಕೋದು. ವರ್ಷಾನುಗಟ್ಟಲೆ ಮೇಲೆ ಕೂತ ಆ ಕಂದು ಪದರ ನಾಣ್ಯವನ್ನ ಕಾಪಾಡ್ತಿತ್ತು. ಅದನ್ನ ಕೆರೆದರೆ ಅಕ್ಷರವೂ ಸವೆಯುತ್ತೆ. ಪಾಪ, ಇವರಿಗೆ ಗೊತ್ತಿಲ್ಲ, ಹೇಳಿದರೆ ಕೇಳ್ತಾರೆ. ಇವರ ಮೇಲೆ ನನಗೆ ಸಿಟ್ಟಿಲ್ಲ.

"ಬೆಲೆ ಇರೋದ್ರಿಂದ ತಾನೇ ನಾಣ್ಯ ಉಳಿದಿರೋದು? ಇಲ್ಲದಿದ್ರೆ ಅಕ್ಕಸಾಲಿಯ ಮೂಸೆಗೆ ಹೋಗ್ತಿತ್ತು" ಅಂತ ಒಬ್ಬರು ನನ್ನ ಜೊತೆ ವಾದಕ್ಕೆ ನಿಂತಿದ್ದರು. ಮಾತು ಸುಳ್ಳಲ್ಲ. ಆ ಪಾತ್ರೆ ಅಂಗಡಿಯ ರಾಶಿಯಲ್ಲಿ ಎಷ್ಟು ಕರಗಿತೋ. ಆದರೆ ಅದೇ ಬೆಲೆಯ ಆಸೆ ಜನರನ್ನ ಎಲ್ಲಿಗೆ ತಂದು ನಿಲ್ಲಿಸಿದೆ ಅಂತಲೂ ನೋಡಿ. 2012ರಲ್ಲಿ ಬಂದ ವೈಷ್ಣೋದೇವಿಯ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ ಅಂತ ಸುದ್ದಿ ಹಬ್ಬಿಸಿ, "ಮೊದಲು ಫೀಸ್ ಕಟ್ಟಿ" ಅಂತ ಬಡಪಾಯಿಗಳ ಹತ್ರ ದುಡ್ಡು ಕೀಳೋರು ಹುಟ್ಟಿಕೊಂಡರು. ಹಳೇ ನಾಣ್ಯ, ನೋಟು ಕೊಳ್ಳೋ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಮೋಸ ಮಾಡ್ತಿದ್ದಾರೆ, ನಾವು ಇಂಥ ವ್ಯವಹಾರ ಮಾಡಲ್ಲ ಅಂತ 2021ರ ಆಗಸ್ಟಿನಲ್ಲಿ ಖುದ್ದು ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಡಬೇಕಾಯ್ತು. ಹವ್ಯಾಸ ಅಂದರೆ ರೇಟು ಅಂತ ನಾವೇ ಹೇಳ್ತಾ ಬಂದರೆ ಹೊರಗಿನವರು ಬೇರೇನು ಅಂದ್ಕೋತಾರೆ?

ದುಡ್ಡಿಲ್ಲದೆ ಗಂಭೀರವಾಗಿ ಇರೋಕೆ ಆಗುತ್ತಾ ಅಂತ ಕೇಳೋರಿಗೆ: ನಿಮ್ಮ ಮನೆಯ ಚಿಲ್ಲರೆ ಡಬ್ಬಿ ಸುರುವಿ. ಇಸವಿಯ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದಿನ ಟಂಕಸಾಲೆ, ಚುಕ್ಕೆ ಇದ್ದರೆ ನೋಯ್ಡಾ, ವಜ್ರದ ಆಕಾರ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. 1985ರ ಒಂದು ರೂಪಾಯಿ ಸಿಕ್ಕಿ, ಇಸವಿಯ ಕೆಳಗೆ ಚಿಕ್ಕದಾಗಿ 'ಎಚ್' ಅಕ್ಷರ ಇದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಅಚ್ಚಾದದ್ದು. ಚಿಲ್ಲರೆಗೆ ಬರ ಬಂದು ಹೊರದೇಶದಲ್ಲಿ ಮಾಡಿಸಿದ್ದರು. 90ರ ದಶಕದ ಕೊನೆಯಲ್ಲಂತೂ ಮೆಕ್ಸಿಕೋ, ಸ್ಲೊವಾಕಿಯಾ, ದಕ್ಷಿಣ ಆಫ್ರಿಕಾ, ಕೊರಿಯಾ, ರಷ್ಯಾ ಎಲ್ಲಾ ಕಡೆಯಿಂದ ನಮ್ಮ ರೂಪಾಯಿ ಬಂತು. ಕಿರಾಣಿ ಅಂಗಡಿಯಲ್ಲಿ ವಾಪಸ್ ಬಂದ ಚಿಲ್ಲರೆಯಲ್ಲಿ ಇದನ್ನೆಲ್ಲ ಹುಡುಕಿ, ಯಾವ ಊರಲ್ಲಿ ಯಾವ ತಿಂಗಳು ಕಂಡೆ ಅಂತ ಬರೆದಿಡೋ ಹೈಸ್ಕೂಲ್ ಹುಡುಗನ ಖರ್ಚು ಸೊನ್ನೆ. ಲಕ್ಷ ಕೊಟ್ಟು ಹರಾಜಿನಲ್ಲಿ ಕೊಂಡು ಲಾಕರಿಗೆ ಹಾಕಿ ಮರೆತವನಿಗಿಂತ ಆ ಹುಡುಗ ದೊಡ್ಡ ಸಂಗ್ರಹಕಾರ. ಈ ಮಾತಿನಲ್ಲಿ ನಾನು ಒಂದಿಂಚೂ ಹಿಂದೆ ಸರಿಯಲ್ಲ.

ಅಂದ ಹಾಗೆ ಸರ್ ವಾಲ್ಟರ್ ಎಲಿಯಟ್ ಅಂತ ಒಬ್ಬರಿದ್ದರು. ಕಂಪನಿ ಸರ್ಕಾರದ ಅಧಿಕಾರಿ, ಧಾರವಾಡದ ಕಡೆ ಇದ್ದಾಗ ಕನ್ನಡ ಶಾಸನಗಳ ನಕಲು ಮಾಡಿಸಿದವರು. ದಕ್ಷಿಣ ಭಾರತದ ನಾಣ್ಯಗಳ ಮೇಲೆ ಅವರು ಬರೆದ ಪುಸ್ತಕ ಬಂದದ್ದು 1880ರ ದಶಕದಲ್ಲಿ. ಅಷ್ಟು ಹೊತ್ತಿಗೆ ಅವರ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ತಾನು ಕೂಡಿಟ್ಟ ನಾಣ್ಯ ತನಗೇ ಕಾಣದೇ ಇದ್ದರೂ ಗೊತ್ತಿದ್ದದ್ದನ್ನ ಬರೆಸಿಟ್ಟು ಹೋದರು. ಕಣ್ಣು ಚೆನ್ನಾಗಿರೋ ನಮ್ಮ ಸೀರಿಯಸ್ ಮಹಾಶಯರು ಹತ್ತು ಸಾಲು ಬರೆಯೋಕೆ ಟೈಮಿಲ್ಲ ಅಂತಾರೆ!

"ನಾನು ಖುಷಿಗೆ ಕೂಡಿಡ್ತೀನಿ, ನಿಂದೇನು ಕಿರಿಕಿರಿ?" ಅನ್ನೋರ ಜೊತೆ ನನಗೆ ಜಗಳ ಇಲ್ಲ. ಖುಷಿಗೆ ಕೂಡಿಡಿ, ಚೆಂದ ಅಂತ ಕೂಡಿಡಿ. ಆಲ್ಬಮ್ ಹಾಳೆ ಮಾತ್ರ ಅಗ್ಗದ ಪಿವಿಸಿದು ತಗೋಬೇಡಿ, ಕೆಲವು ವರ್ಷಕ್ಕೆ ಅಂಟಂಟಾಗಿ ನಾಣ್ಯ ಹಸಿರು ತಿರುಗುತ್ತೆ. ಜಗಳ ಇರೋದು ರೇಟು ಹೇಳಿ ಹಿರಿತನ ಮೆರೆಯೋರ ಜೊತೆ.

ನಿಮ್ಮ ಊರಿನ ಮನೆಯಲ್ಲಿ ದೇವರ ಪೆಟ್ಟಿಗೆಯಲ್ಲೋ ಅಜ್ಜಿಯ ಎಲೆ-ಅಡಿಕೆ ಡಬ್ಬಿಯಲ್ಲೋ ಹಳೇ ಕಾಸು ಇದ್ದೇ ಇರುತ್ತೆ. ಮುಮ್ಮಡಿ ಕೃಷ್ಣರಾಜರ ಕಾಲದ, 'ಮಯಿಲಿ ಕಾಸು' ಅಂತ ಕನ್ನಡದಲ್ಲೇ ಬರೆದಿರೋ ತಾಮ್ರದ ಬಿಲ್ಲೆಗಳು ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿವೆ. ಈ ಸಲ ಹಬ್ಬಕ್ಕೆ ಹೋದಾಗ ತೊಳೀಬೇಡಿ, ರೇಟು ಹುಡುಕಬೇಡಿ. ಅಜ್ಜಿ ಪಕ್ಕ ಕೂತು ಇದು ಯಾರ ಕಡೆಯಿಂದ ಬಂತು, ಯಾವ ಜಮೀನಿನಲ್ಲಿ ಸಿಕ್ಕಿತು, ಯಾವ ಊರಿನ ತವರು ಮನೆಯದು ಅಂತ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗೇ ಇಟ್ಟುಬಿಡಿ. ಪೆನ್ಸಿಲ್‌ನಲ್ಲಿ ಬರೀರಿ, ಇಂಕು ಹರಡುತ್ತೆ. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯವರು ಯಾರಾದರೂ ಇದ್ದು ನಿಮ್ಮ ಮನೇಲಿ ಆನೆ ಕಾಸು ಇದ್ದರೆ, ಆನೆ ಯಾವ ಕಡೆ ಮುಖ ಮಾಡಿದೆ, ಯಾವ ಊರಲ್ಲಿ ಸಿಕ್ಕಿದ್ದು ಅಂತ ನನಗೂ ತಿಳಿಸಿ. ಕೆಂಪು ಇಂಕಿನಲ್ಲಿ ಕಂಬ ಎಳೆದು ಹೊಸ ಲೆಡ್ಜರ್ ಒಂದು ಶುರು ಮಾಡಿದ್ದೀನಿ, ಸದ್ಯಕ್ಕೆ ಹನ್ನೊಂದು ಸಾಲು ತುಂಬಿದೆ.