ಹಳ್ಳಿಯ ಸರಕಾರ

ಪೆಸಿಫಿಕ್ ಮಹಾಸಾಗರದ ನಡುವೆ ಪಿಟ್‌ಕೈರ್ನ್ ಎಂಬ ಪುಟ್ಟ ದ್ವೀಪವಿದೆ. ಅದು ಬ್ರಿಟನ್ನಿನ ಅಧೀನದಲ್ಲಿದೆ. ಅದರ ಗವರ್ನರರಿರುವುದು ದೂರದ ನ್ಯೂಜಿಲೆಂಡಿನಲ್ಲಿ. ಅಲ್ಲಿಯ ನಿವಾಸಿಗಳು ಸುಮಾರು 50 ಮಂದಿ ಮಾತ್ರ. ಆದರೂ ಅವರು ತಮ್ಮ ಮೇಯರನನ್ನೂ ಮಂಡಲಿಯನ್ನೂ ತಾವೇ ಆರಿಸಿಕೊಳ್ಳುತ್ತಾರೆ. ಜನ ಕಡಿಮೆಯಾದ್ದರಿಂದ ವಯಸ್ಕರಲ್ಲಿ ಬಹುಮಂದಿ ಒಂದಲ್ಲ ಒಂದು ಸಾರ್ವಜನಿಕ ಕೆಲಸವನ್ನು ಹೊತ್ತಿರುತ್ತಾರೆ. 1838ರಷ್ಟು ಹಿಂದೆಯೇ ಅಲ್ಲಿ ಸ್ತ್ರೀಯರಿಗೂ ಮತದಾನದ ಹಕ್ಕು ದೊರೆತಿತ್ತು.

ಇಂಥ ಆಡಳಿತವನ್ನು ಕಾಣಲು ಕಡಲು ದಾಟಬೇಕಾಗಿಲ್ಲ. ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಯ ಸೀಮೆಯನ್ನೇ ನೋಡಿರಿ. ಕೆರೆ, ಭತ್ತದ ಗದ್ದೆಗಳ ನಡುವೆ ಇರುವ ಇಲ್ಲಿಯ ಹಳ್ಳಿಗಳಿಗೂ ತಮ್ಮವೇ ಆದ ಸರಕಾರಗಳುಂಟು. ಅವೇ ಗ್ರಾಮ ಪಂಚಾಯತಿಗಳು.

ಸಂವಿಧಾನದ 40ನೆಯ ವಿಧಿ ಗ್ರಾಮ ಪಂಚಾಯತಿಗಳ ರಚನೆಯನ್ನು ರಾಜ್ಯದ ಕರ್ತವ್ಯವೆಂದು ಸಾರಿತು. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿ ಅವುಗಳಿಗೆ ಭದ್ರವಾದ ನೆಲೆ ಒದಗಿಸಿತು. ಕರ್ನಾಟಕದ ಕಾನೂನಿನಂತೆ ಸುಮಾರು 400 ಜನರಿಗೆ ಒಬ್ಬರಂತೆ ಸದಸ್ಯರು ಐದು ವರ್ಷಗಳಿಗೆ ಆಯ್ಕೆಯಾಗುತ್ತಾರೆ. ಅವರು ತಮ್ಮೊಳಗಿಂದ ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಆರಿಸುತ್ತಾರೆ. 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ನಾಲ್ಕನೆಯ ಒಂದು ಪಾಲು ಸ್ಥಾನಗಳು ಮೀಸಲಾಗಿದ್ದವು. 2010ರಿಂದ ಅದು ಅರ್ಧಕ್ಕೇರಿತು.

ತೀರ್ಮಾನ ಮಾಡುವವರು ಸದಸ್ಯರಾದರೆ, ಅದನ್ನು ನಡೆಸಿಕೊಡುವವರು ನೌಕರರು. ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ, ಕರವಸೂಲಿಗಾರ, ನೀರುಗಂಟಿ ಮೊದಲಾದವರು ಇವರು. ನೀರುಗಂಟಿ ಒಂದು ದಿನ ಬಾರದಿದ್ದರೆ ಅವನ ಕೆಲಸದ ಬೆಲೆ ಊರಿಗೆಲ್ಲ ತಿಳಿಯುತ್ತದೆ.

“ಹಣ ಬರುವುದು ಮೇಲಿನಿಂದ, ಕಾಗದ ಬರೆಯುವವರು ಅಧಿಕಾರಿಗಳು, ನಾವು ಹೋಗಿ ಮಾಡುವುದೇನು?” ಎಂದು ಕೆಲವರು ಕೇಳುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ. ಪಂಚಾಯತಿಯ ಹಣದಲ್ಲಿ ಬಹುಪಾಲು ರಾಜ್ಯ, ಕೇಂದ್ರಗಳಿಂದಲೇ ಬರುತ್ತದೆ. ಆದರೆ ಮನೆಯಿಲ್ಲದವರಲ್ಲಿ ಮೊದಲು ಯಾರಿಗೆ ಮನೆ, ಯಾವ ಓಣಿಗೆ ಮೊದಲು ಗಟಾರ ಎಂಬುದನ್ನು ಮುಕ್ತವಾಗಿ ಚರ್ಚಿಸಲು ಗ್ರಾಮಸಭೆಯಿದೆ. ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಊರಿನ ಮತದಾರರೆಲ್ಲರೂ ಅದರ ಸದಸ್ಯರೇ. ಆ ದಿನ ಮನೆಯಲ್ಲಿ ಕುಳಿತು, ಮರುದಿನ ಕಟ್ಟೆಯ ಮೇಲೆ ದೂರುವುದರಿಂದ ಫಲವೇನು? ಕೇಳುವವರಿಲ್ಲದ ಕಡೆ ಬೇಲಿಯೇ ಎದ್ದು ಹೊಲ ಮೇಯುವುದು ಸುಲಭ.

ಪಿಟ್‌ಕೈರ್ನಿನವರಿಗೆ ದೂರ ನಿಲ್ಲುವ ಅವಕಾಶವಿಲ್ಲ. ಅಲ್ಲಿ ಒಬ್ಬನು ಕೈಬಿಟ್ಟರೂ ಕೆಲಸ ನಿಲ್ಲುತ್ತದೆ. ನಮ್ಮಲ್ಲಿ ಜನ ಹೆಚ್ಚಿರುವುದರಿಂದಲೇ “ಇನ್ನೊಬ್ಬರು ನೋಡಿಕೊಳ್ಳುತ್ತಾರೆ” ಎಂಬ ಭಾವನೆ ಬೆಳೆದಿದೆ. ಸ್ವರಾಜ್ಯಕ್ಕೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ.

ವಿದ್ಯಾರ್ಥಿಗಳಿಗೆ ಮತದಾನದ ವಯಸ್ಸು ಇನ್ನೂ ಬಂದಿಲ್ಲ, ನಿಜ. ಆದರೆ ಕರ್ನಾಟಕದ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಯನ್ನು ನಡೆಸುವ ಪದ್ಧತಿಯಿದೆ. ಶಾಲೆಗೆ ನೀರಿಲ್ಲ, ದಾರಿಯಲ್ಲಿ ದೀಪವಿಲ್ಲ ಎಂದು ಅಲ್ಲಿ ನೀವೇ ಎದ್ದು ಹೇಳಬಹುದು. ಹಾಗೆ ಹೇಳಲು ಕಲಿತವರೇ ನಾಳೆ ಊರನ್ನು ಆಳಲು ತಕ್ಕವರು.